ಜಾನುವಾರು ರೋಗಗಳ ಕ್ಷೇತ್ರಾಧ್ಯಯನ: ಎಣಿಕೆ ಮತ್ತು ಜನಪದರ ತಿಳಿವಳಿಕೆ

ಜಾನಪದ ಅಧ್ಯಯನಕ್ಕೂ ಸಂಖ್ಯಾಶಾಸ್ತ್ರಕ್ಕೂ ಏನು ನಂಟು ಎಂಬ ಪ್ರಶ್ನೆ ಈ ಪ್ರಬಂಧದ ಶೀರ್ಷಿಕೆಯನ್ನು ನೋಡಿದವರಲ್ಲಿ ಏಳುವುದು ಸಹಜ. ಕೆಲವು ವರ್ಷಗಳ ಹಿಂದೆ ನನ್ನಲ್ಲಿಯೂ ಇದೇ ಪ್ರಶ್ನೆ ಇತ್ತು. ಕೆಂಗೇರಿ ಹೋಬಳಿಯ ಹಳ್ಳಿಗಳಲ್ಲಿ ದನಕರುಗಳಿಗೆ ಸಂಬಂಧಿಸಿದ ಆಚರಣೆಗಳನ್ನು ಸಂಗ್ರಹಿಸುತ್ತಿದ್ದೆ. ಊರಬಾಗಿಲ ಕರುವುಗಲ್ಲು, ಸಂಕ್ರಾಂತಿಯ ಕಿಚ್ಚು, ಮಾರಿಯನ್ನು ಗಡಿ ದಾಟಿಸುವ ವಿಧಿ, ಕೊಟ್ಟಿಗೆಯ ಬಾಗಿಲಿಗೆ ಕಟ್ಟುವ ಅಂತ್ರ ಇವುಗಳ ಜೊತೆಗೆ ರೋಗಗಳ ಹೆಸರುಗಳ ಪಟ್ಟಿಯೊಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ತಾನಾಗಿಯೇ ಬೆಳೆಯಿತು: ದೊಡ್ಡರೋಗ, ಕಾಲುಬಾಯಿ ಜ್ವರ, ಗಳಲೆ, ಚಪ್ಪೆ ಬೇನೆ, ನೆರಡಿ, ಕೆಚ್ಚಲು ಬಾವು, ಕರುಳು ಬೇನೆ, ಕಂದು ಹಾಕುವ ರೋಗ. ಆ ಪಟ್ಟಿಯನ್ನು ಪರಿಚಿತ ಪಶುವೈದ್ಯರೊಬ್ಬರಿಗೆ ತೋರಿಸಿದೆ. ಅವರು ಆಸಕ್ತಿಯಿಂದ ಓದಿ, "ಒಟ್ಟು ಎಷ್ಟು ಮನೆಗಳಲ್ಲಿ ಕೇಳಿದಿರಿ? ಆ ಮನೆಗಳನ್ನು ಹೇಗೆ ಆರಿಸಿಕೊಂಡಿರಿ?" ಎಂದು ಕೇಳಿದರು. ಮೊದಲ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು, ಎರಡನೆಯದಕ್ಕೆ ಇರಲಿಲ್ಲ.

ಊರಿನ ಯಜಮಾನರು ಪರಿಚಯಿಸಿದ ಮನೆಗಳು, ಬಸ್ಸು ನಿಲ್ಲುವ ರಸ್ತೆಗೆ ಹತ್ತಿರದ ಮನೆಗಳು, ಮಾತು ಬಲ್ಲ ವಕ್ತೃಗಳಿದ್ದ ಮನೆಗಳು, ಇಷ್ಟೇ ನನ್ನ ಕ್ಷೇತ್ರವಾಗಿತ್ತು. ಕಥೆ, ಗೀತೆಗಳ ಸಂಗ್ರಹಕ್ಕೆ ಇದು ದೋಷವೆನಿಸುವುದಿಲ್ಲ. ಚೆನ್ನಾಗಿ ಹಾಡಬಲ್ಲವರನ್ನು ಹುಡುಕಿಕೊಂಡೇ ಹೋಗಬೇಕು. ಆದರೆ ಈ ಊರಿನ ದನಗಳಿಗೆ ಯಾವ ಬೇನೆ ಹೆಚ್ಚು, ಯಾವುದರಿಂದ ಹೆಚ್ಚು ಸಾವು ಎಂದು ತಿಳಿಯಬೇಕಾದರೆ ಚೆನ್ನಾಗಿ ಮಾತನಾಡುವವರ ಉತ್ತರ ಇಡೀ ಊರಿನ ಉತ್ತರವಾಗದು. ಜಾನುವಾರು ರೋಗಗಳನ್ನು ಕ್ಷೇತ್ರದಲ್ಲಿ ಅಭ್ಯಸಿಸುವವರು ಸಂಖ್ಯೆಗಳನ್ನು ಹೇಗೆ ಪಡೆಯುತ್ತಾರೆ, ಆ ಸಂಖ್ಯೆಗಳು ಎಲ್ಲಿ ನಂಬತಕ್ಕವು, ಎಲ್ಲಿ ಮೋಸ ಮಾಡುತ್ತವೆ, ಜನಪದರ ತಿಳಿವಳಿಕೆಗೆ ಅಲ್ಲಿರುವ ಸ್ಥಾನವೇನು ಎಂಬುದನ್ನು ಪ್ರಸ್ತುತ ಪ್ರಬಂಧದಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಬೆಂಗಳೂರಿನ ಪಶ್ಚಿಮ ಭಾಗವನ್ನು ನಿದರ್ಶನವಾಗಿ ಆರಿಸಿಕೊಳ್ಳಲು ಕಾರಣವಿದೆ. ರಾಜಾಜಿನಗರದ ಅಡಿಯಲ್ಲಿ ಕೇತಮಾರನಹಳ್ಳಿಯೂ, ವಿಜಯನಗರದ ಅಡಿಯಲ್ಲಿ ಹೊಸಹಳ್ಳಿ, ಮಾರೇನಹಳ್ಳಿ, ಅತ್ತಿಗುಪ್ಪೆಗಳೂ, ಬಸವೇಶ್ವರನಗರದ ಅಡಿಯಲ್ಲಿ ಸಾಣೆಗುರುವನಹಳ್ಳಿಯೂ ಇವೆ. ಬಡಾವಣೆಗಳು ಬಂದರೂ ಈ ಊರುಗಳ ಗ್ರಾಮದೇವತೆಯ ಗುಡಿಗಳು, ಕೆಲವೆಡೆ ಹಟ್ಟಿಗಳು, ಉಳಿದುಕೊಂಡಿವೆ. ಮೂರಂತಸ್ತಿನ ಮನೆಗಳ ನಡುವೆ ತಗಡಿನ ಚಪ್ಪರದ ಕೊಟ್ಟಿಗೆ, ಅದರಲ್ಲಿ ನಾಲ್ಕು ಸೀಮೆಹಸು, ಬೆಳಗಿನ ಐದಕ್ಕೆ ಹಾಲಿಗೆ ಬಂದು ನಿಲ್ಲುವವರು, ಇದು ಇಂದಿಗೂ ಕಾಣಸಿಗುವ ದೃಶ್ಯ. ಕೆಂಗೇರಿಯನ್ನು ದಾಟಿ ಕೊಮ್ಮಘಟ್ಟ, ರಾಮೋಹಳ್ಳಿಗಳ ಕಡೆ ಹೋದರೆ ಹಳ್ಳಿಯೂ ನಗರವೂ ಬೆರೆತ ಸ್ಥಿತಿಯಿದೆ. ಇಂತಹ ಕಡೆಗಳಲ್ಲಿ ದನಗಳನ್ನು ಎಣಿಸುವುದು ಅಪ್ಪಟ ಹಳ್ಳಿಗಿಂತ ಕಷ್ಟ. ನಿವೇಶನದ ದಾಖಲೆಯಲ್ಲಿ ಕೊಟ್ಟಿಗೆಗೆ ಜಾಗವೇ ಇಲ್ಲದಿರುವಾಗ ಕೊಟ್ಟಿಗೆಯಲ್ಲಿ ಸತ್ತ ಎಮ್ಮೆಗೆ ಲೆಕ್ಕದ ಪುಸ್ತಕದಲ್ಲಿ ಜಾಗ ದೊರೆಯುವುದು ಹೇಗೆ?

ಅಂಶ ಮತ್ತು ಛೇದ

ರೋಗದ ಲೆಕ್ಕವೆಂದರೆ ಮೂಲತಃ ಒಂದು ಭಿನ್ನರಾಶಿ. ಮೇಲೆ ರೋಗ ತಗುಲಿದ ಪ್ರಾಣಿಗಳ ಸಂಖ್ಯೆ. ಕೆಳಗೆ ರೋಗ ತಗುಲಬಹುದಾಗಿದ್ದ ಒಟ್ಟು ಪ್ರಾಣಿಗಳ ಸಂಖ್ಯೆ. "ನಮ್ಮೂರಲ್ಲಿ ಇಪ್ಪತ್ತು ದನ ಹೋದವು" ಎಂಬ ಮಾತಿನಲ್ಲಿ ಅಂಶವಿದೆ, ಛೇದವಿಲ್ಲ. ಇಪ್ಪತ್ತೈದರಲ್ಲಿ ಇಪ್ಪತ್ತೋ ಸಾವಿರದಲ್ಲಿ ಇಪ್ಪತ್ತೋ ಎಂಬುದು ತಿಳಿಯದೆ ಆ ಮಾತಿನಿಂದ ಏನನ್ನೂ ನಿರ್ಣಯಿಸಲಾಗದು. ನಮ್ಮ ದೇಶದಲ್ಲಿ ಜಾನುವಾರು ಗಣತಿ 1919-20ರಷ್ಟು ಹಿಂದೆಯೇ ಆರಂಭವಾಯಿತು. ಇಪ್ಪತ್ತನೆಯ ಗಣತಿ 2019ರದು. ಅದರಂತೆ ದೇಶದ ಜಾನುವಾರುಗಳು ಸುಮಾರು 53.57 ಕೋಟಿ. ಇಪ್ಪತ್ತೊಂದನೆಯ ಗಣತಿಗೆ 2024ರ ಅಕ್ಟೋಬರ್‌ನಲ್ಲಿ ಚಾಲನೆ ದೊರೆಯಿತು. ಛೇದಕ್ಕೆ ಆಧಾರ ಇದೇ. ಎರಡು ಗಣತಿಗಳ ನಡುವೆ ದನ ಮಾರಾಟವಾಗುತ್ತದೆ, ಕರು ಹುಟ್ಟುತ್ತದೆ, ಹಟ್ಟಿಯೇ ಬಡಾವಣೆಯಾಗುತ್ತದೆ. ಹೀಗಾಗಿ ನಗರದಂಚಿನಲ್ಲಿ ಛೇದ ಬಹುಬೇಗ ಹಳತಾಗುತ್ತದೆ.

ಎರಡು ಬಗೆಯ ಪ್ರಮಾಣಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಒಂದು ನಿರ್ದಿಷ್ಟ ದಿನ ಊರಿನ ದನಗಳಲ್ಲಿ ಎಷ್ಟಕ್ಕೆ ರೋಗವಿದೆ ಎಂಬುದು ಒಂದು. ಒಂದು ಅವಧಿಯಲ್ಲಿ ಹೊಸದಾಗಿ ಎಷ್ಟಕ್ಕೆ ಬಂತು ಎಂಬುದು ಇನ್ನೊಂದು. ಕೆಚ್ಚಲು ಬಾವಿನಂತೆ ಬಹುದಿನ ಎಳೆಯುವ ರೋಗ ಮೊದಲ ಲೆಕ್ಕದಲ್ಲಿ ದೊಡ್ಡದಾಗಿ ಕಾಣುತ್ತದೆ. ಚಪ್ಪೆ ಬೇನೆ ಬಂದ ಪಡ್ಡೆ ಒಂದೆರಡು ದಿನಗಳಲ್ಲೇ ಸಾಯುವುದರಿಂದ, ನಾವು ಹೋಗಿ ನೋಡುವ ದಿನ ಊರಿನಲ್ಲಿ ಒಂದೂ ರೋಗಿಯಿರುವುದಿಲ್ಲ. ಒಮ್ಮೆ ಭೇಟಿ ನೀಡಿ ಬರೆದ ವರದಿಯಲ್ಲಿ ಕ್ರೂರವಾದ ರೋಗವೇ ಕಾಣೆಯಾಗುತ್ತದೆ. ಕ್ಷೇತ್ರಕಾರ್ಯದ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಎಣಿಕೆಯಿಂದ ರೋಗದ ನಡೆಯನ್ನು ಊಹಿಸಿದ ಹಳೆಯ ನಿದರ್ಶನವೂ ದನಗಳದ್ದೇ. 1865-66ರಲ್ಲಿ ಇಂಗ್ಲೆಂಡಿನಲ್ಲಿ ದೊಡ್ಡರೋಗ ಹಬ್ಬಿದಾಗ ಪಾರ್ಲಿಮೆಂಟಿನಲ್ಲಿ ಇದು ಇನ್ನೂ ಭೀಕರವಾಗಿ ಏರಲಿದೆ ಎಂಬ ಮಾತು ಕೇಳಿಬಂತು. ವಿಲಿಯಂ ಫಾರ್ ಎಂಬ ಸಂಖ್ಯಾತಜ್ಞ ವರದಿಯಾದ ಅಂಕಿಗಳನ್ನು ಜೋಡಿಸಿ ನೋಡಿದ. ಸಂಖ್ಯೆ ಏರುತ್ತಿದ್ದರೂ ಏರುವ ವೇಗ ಕುಗ್ಗುತ್ತಿರುವುದು ಅವನಿಗೆ ಕಂಡಿತು. ರೋಗ ಬೇಗ ಶಿಖರ ಮುಟ್ಟಿ ಇಳಿಯುವುದೆಂದು 1866ರ ಫೆಬ್ರವರಿಯಲ್ಲಿ ಪತ್ರಿಕೆಗೆ ಬರೆದ. ಇಳಿಯಿತು, ಅವನ ಲೆಕ್ಕಕ್ಕಿಂತಲೂ ಬೇಗ ಇಳಿಯಿತು. ರೋಗಾಣುವಿನ ಅರಿವು ನೆಲೆಗೊಳ್ಳುವ ಮೊದಲೇ ನಡೆದ ಸಂಗತಿಯಿದು.

ಇಲ್ಲವೆಂದು ಹೇಳುವ ಕಷ್ಟ

ದೊಡ್ಡರೋಗವನ್ನು ಕಂಡ ಹಿರಿಯರು ಈಗ ವಿರಳ. ಕಣ್ಣಲ್ಲಿ ನೀರು, ಬಾಯಲ್ಲಿ ಹುಣ್ಣು, ನಾರುವ ಭೇದಿ. ನಾಲ್ಕಾರು ದಿನಗಳಲ್ಲಿ ಹಟ್ಟಿಗೆ ಹಟ್ಟಿಯೇ ಬರಿದು. ಬ್ರಿಟಿಷ್ ಸರ್ಕಾರ ನೇಮಿಸಿದ ಆಯೋಗವೊಂದು ಭಾರತದ ದನಗಳ ಪಿಡುಗುಗಳ ಬಗ್ಗೆ 1871ರಲ್ಲಿ ವರದಿ ನೀಡಿತು. ಮೈಸೂರು ಸಂಸ್ಥಾನವು 1920ರ ದಶಕದ ಮಧ್ಯದಲ್ಲಿ ಹೆಬ್ಬಾಳದಲ್ಲಿ ಸೀರಂ ಸಂಸ್ಥೆಯನ್ನು ತೆರೆದುದಕ್ಕೂ ಮುಖ್ಯ ಪ್ರೇರಣೆ ಈ ರೋಗವೇ. 1954ರಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಆರಂಭವಾಯಿತು. ಭಾರತದಲ್ಲಿ ಕೊನೆಯ ಬಾರಿ ಈ ರೋಗ ಕಂಡದ್ದು 1995ರಲ್ಲಿ. 2006ರಲ್ಲಿ ದೇಶ ಸೋಂಕುಮುಕ್ತವೆಂಬ ಮನ್ನಣೆ ಪಡೆಯಿತು. 2011ರಲ್ಲಿ ಇಡೀ ಜಗತ್ತೇ ಮುಕ್ತವೆಂದು ಘೋಷಿತವಾಯಿತು. ಸಿಡುಬಿನ ನಂತರ ಮನುಷ್ಯನು ಭೂಮಿಯಿಂದ ತೊಡೆದುಹಾಕಿದ ಎರಡನೆಯ ರೋಗವಿದು.

1995ಕ್ಕೂ 2006ಕ್ಕೂ ನಡುವೆ ಹನ್ನೊಂದು ವರ್ಷಗಳು ಏಕೆ ಬೇಕಾದವು? ಇದೆ ಎಂದು ಹೇಳಲು ಒಂದು ಹಸು ಸಾಕು. ಇಲ್ಲವೆಂದು ಹೇಳಲು ಎಷ್ಟು ಹಸುಗಳನ್ನು ನೋಡಿದರೆ ಸಾಕು? ಇಲ್ಲಿ ಸಂಖ್ಯಾಶಾಸ್ತ್ರ ಒಂದು ಸರಳ ಸೂತ್ರವನ್ನು ಕೊಡುತ್ತದೆ. ನೂರಕ್ಕೆ ಒಂದು ದನಕ್ಕೆ ರೋಗವಿದೆ ಎಂದಿಟ್ಟುಕೊಳ್ಳೋಣ. ಯಾವುದೇ ಒಂದು ದನವನ್ನು ಮನಬಂದಂತೆ ಆರಿಸದೆ, ಚೀಟಿ ಎತ್ತಿ ಪರೀಕ್ಷಿಸಿದರೆ ಅದು ಆರೋಗ್ಯವಾಗಿರುವ ಸಂಭವ ನೂರಕ್ಕೆ ತೊಂಬತ್ತೊಂಬತ್ತು. ಹೀಗೆ ಮುನ್ನೂರು ದನಗಳನ್ನು ಪರೀಕ್ಷಿಸಿ ಮುನ್ನೂರೂ ಆರೋಗ್ಯವಾಗಿಯೇ ಸಿಗುವ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆ. ಆದ್ದರಿಂದ ಮುನ್ನೂರರಲ್ಲಿ ಒಂದೂ ಸಿಗದಿದ್ದರೆ, ರೋಗವಿದ್ದರೂ ಅದು ನೂರಕ್ಕೆ ಒಂದಕ್ಕಿಂತ ಹೆಚ್ಚಿರಲಾರದೆಂದು ತೊಂಬತ್ತೈದು ಪಾಲು ಭರವಸೆಯಿಂದ ಹೇಳಬಹುದು. ಸೊನ್ನೆಯೆಂದು ಮಾತ್ರ ಹೇಳಲಾಗದು. ಆ ಉಳಿದ ಅನುಮಾನವನ್ನು ತೀರಿಸಲು ಹಳ್ಳಿಹಳ್ಳಿಗೆ ಹೋಗಿ ಜನರನ್ನು ಕೇಳಬೇಕಾಯಿತು.

ಆಫ್ರಿಕದಲ್ಲಿ ಈ ಕೆಲಸ ಹೇಗೆ ನಡೆಯಿತೆಂಬುದು ಜಾನಪದ ವಿದ್ವಾಂಸರಿಗೆ ಬಹಳ ಸ್ವಾರಸ್ಯದ ವಿಷಯ. ಪೂರ್ವ ಆಫ್ರಿಕದ ದನಗಾಹಿಗಳು ಈ ರೋಗವನ್ನು ತಮ್ಮ ತಮ್ಮ ಭಾಷೆಗಳಲ್ಲಿ ನಿಖರವಾಗಿ ಹೆಸರಿಸಿ, ಲಕ್ಷಣಗಳನ್ನು ವಿವರಿಸಿ, ಯಾವ ಬರಗಾಲದ ವರ್ಷ ಬಂತೆಂಬುದನ್ನೂ ಹೇಳಬಲ್ಲವರಾಗಿದ್ದರು. ಜೆಫ್ರಿ ಮ್ಯಾರಿನರ್, ಆಂಡಿ ಕ್ಯಾಟ್ಲಿ ಮುಂತಾದ ಪಶುವೈದ್ಯರು ಈ ಮೌಖಿಕ ತಿಳಿವಳಿಕೆಯನ್ನೇ ಆಕರವಾಗಿಸಿಕೊಂಡು ಜನರ ಸಹಭಾಗಿತ್ವದ ರೋಗಾಧ್ಯಯನ ವಿಧಾನವನ್ನು ರೂಪಿಸಿದರು. ರೋಗದ ಕೊನೆಯ ನೆಲೆಗಳನ್ನು ಹುಡುಕಲು ಪ್ರಯೋಗಾಲಯದ ಪರೀಕ್ಷೆಯಷ್ಟೇ ದನಗಾಹಿಯ ಮಾತೂ ನೆರವಾಯಿತು. ನಮ್ಮಲ್ಲಿ ಈ ವಿಧಾನ ಜಾನಪದ ವಿಭಾಗಗಳ ಗಮನಕ್ಕೆ ಬಂದದ್ದು ತೀರ ಕಡಿಮೆ. ಇದು ನಮ್ಮ ಶಿಸ್ತಿನ ಕೊರತೆಯೆಂದೇ ನನ್ನ ಅಭಿಪ್ರಾಯ.

ಹೆಸರಿನ ಸಮಸ್ಯೆ

ಎಣಿಸುವ ಮೊದಲು ಏನನ್ನು ಎಣಿಸುತ್ತೇವೆಂಬುದು ಸ್ಪಷ್ಟವಾಗಬೇಕು. ಜನಪದರ ಹೆಸರು ಬಹುಮಟ್ಟಿಗೆ ಲಕ್ಷಣವನ್ನೋ ದೇಹದ ಭಾಗವನ್ನೋ ಹಿಡಿದು ಬಂದುದು. ಗಂಟಲು ಊದಿದರೆ ಗಳಲೆ, ಚಪ್ಪೆ ಊದಿದರೆ ಚಪ್ಪೆ ಬೇನೆ, ಮೈಮೇಲೆ ಗಂಟು ಎದ್ದರೆ ಗಂಟು ರೋಗ. ವೈದ್ಯಶಾಸ್ತ್ರದ ಹೆಸರು ರೋಗಾಣುವನ್ನು ಹಿಡಿದು ಬಂದುದು. ಇವೆರಡರ ಗಡಿಗಳು ಎಲ್ಲೆಡೆ ಕೂಡುವುದಿಲ್ಲ. ಕುರಿಗಾಹಿಗಳು ಕರುಳು ಬೇನೆ ಎನ್ನುವಲ್ಲಿ ಒಂದಕ್ಕಿಂತ ಹೆಚ್ಚು ರೋಗಗಳು ಸೇರಿಕೊಂಡಿರಬಹುದು.

ಆದರೆ ಈ ಗೊಂದಲ ಜನಪದರದ್ದು ಮಾತ್ರವೆಂದು ತಿಳಿಯಬಾರದು. ಆಡು ಕುರಿಗಳಿಗೆ ಬರುವ ಪಿಪಿಆರ್ ರೋಗವನ್ನು 1942ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಗುರುತಿಸಲಾಯಿತು. ಭಾರತದಲ್ಲಿ ಅದನ್ನು ಗುರುತಿಸಿದ್ದು 1987ರಲ್ಲಿ, ತಮಿಳುನಾಡಿನ ಹಳ್ಳಿಯೊಂದರ ಕುರಿಗಳಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಶೈಲಾ ಮತ್ತು ಸಂಗಡಿಗರು 1989ರಲ್ಲಿ ಅದನ್ನು ಪ್ರಕಟಿಸಿದರು. ಅದಕ್ಕೂ ಮುಂಚೆ ಕುರಿಗಳಲ್ಲಿ ಇಂತಹ ಲಕ್ಷಣ ಕಂಡಾಗ ಅದನ್ನು ದೊಡ್ಡರೋಗವೆಂದು ಬರೆದುಕೊಂಡಿರುವ ಸಾಧ್ಯತೆ ದಟ್ಟವಾಗಿದೆ. ಉತ್ತರ ಕರ್ನಾಟಕದಲ್ಲಿ ಕುರಿಗಳ ಈ ರೋಗಕ್ಕೆ ಹಿರೇಬೇನೆ ಎಂಬ ಹೆಸರಿದೆ. ದೊಡ್ಡದು, ಹಿರಿದು ಎಂಬ ಈ ಎರಡು ಹೆಸರುಗಳು ಒಂದೇ ಬಗೆಯ ರೋಗಾಣು ಕುಲದ ಎರಡು ರೋಗಗಳಿಗೆ ಸಲ್ಲುವುದು ಕುತೂಹಲಕರ.

ಹೀಗಾಗಿ ಕ್ಷೇತ್ರಕಾರ್ಯದಲ್ಲಿ ಮೊದಲು ವ್ಯಾಖ್ಯೆ ಬೇಕು: ಯಾವ ಯಾವ ಲಕ್ಷಣಗಳು ಒಟ್ಟಿಗೆ ಕಂಡರೆ ಈ ಹೆಸರಿನಡಿ ಸೇರಿಸುತ್ತೇವೆ ಎಂಬುದು. ವ್ಯಾಖ್ಯೆ ಸಡಿಲವಾದರೆ ಅಂಶ ಉಬ್ಬುತ್ತದೆ, ಬಿಗಿಯಾದರೆ ಕುಗ್ಗುತ್ತದೆ. ಪಾಠಾಂತರಗಳನ್ನು ಕಲೆಹಾಕಿ ಇದು ಅದೇ ಕಥೆಯೋ ಬೇರೆ ಕಥೆಯೋ ಎಂದು ನಿರ್ಣಯಿಸುವಾಗ ನಾವು ಪಡುವ ಪಾಡೂ ಇದೇ. ಫಿನ್ಲೆಂಡಿನ ಕ್ರೋನ್, ಆರ್ನೆ ಮೊದಲಾದವರು ಕಥೆಗಳ ಭಿನ್ನಪಾಠಗಳನ್ನು ಎಣಿಸಿ, ನಕ್ಷೆಯ ಮೇಲೆ ಗುರುತಿಸಿ ಅವುಗಳ ಹರಡುವಿಕೆಯನ್ನು ಅಭ್ಯಸಿಸಿದ್ದು ನೆನಪಿಗೆ ಬರುತ್ತದೆ. ಕಥೆಯ ಪ್ರಸಾರಕ್ಕೂ ರೋಗದ ಪ್ರಸಾರಕ್ಕೂ ಸಂತೆ, ಜಾತ್ರೆ, ದನದ ವ್ಯಾಪಾರಿಯ ದಾರಿ ಒಂದೇ ಇರುವುದು ಎಷ್ಟೋ ಕಡೆ ಉಂಟು.

ಹುಣಸೆಬೀಜದ ಲೆಕ್ಕ

ಸಹಭಾಗಿತ್ವದ ವಿಧಾನದ ಒಂದು ಕ್ರಮ ನಮ್ಮ ಅಳಗುಳಿಮಣೆಯನ್ನು ಆಡಿದವರಿಗೆ ಕೂಡಲೇ ಹಿಡಿಸುತ್ತದೆ. ದನ ಸಾಕುವ ಐದಾರು ಮಂದಿಯನ್ನು ಒಂದೆಡೆ ಕೂರಿಸಿ, ನೂರು ಹುಣಸೆಬೀಜ ಕೊಟ್ಟು, ಕಳೆದ ಒಂದು ವರ್ಷದಲ್ಲಿ ನಿಮ್ಮ ಹಟ್ಟಿಗಳ ದನಗಳೆಲ್ಲ ಈ ನೂರು ಬೀಜ ಎಂದುಕೊಳ್ಳಿ ಎನ್ನಬೇಕು. ಮೊದಲು ಬೇನೆ ಬಿದ್ದವು, ಬೀಳದವು ಎಂದು ಎರಡು ರಾಶಿ. ಬೇನೆ ಬಿದ್ದವುಗಳನ್ನು ರೋಗದ ಹೆಸರಿನಂತೆ ಮತ್ತೆ ರಾಶಿ. ಪ್ರತಿ ರಾಶಿಯಲ್ಲಿ ಸತ್ತವು ಎಷ್ಟು, ಉಳಿದವು ಎಷ್ಟು ಎಂದು ಇನ್ನೊಮ್ಮೆ. ಅಕ್ಷರ ಬಲ್ಲವರೂ ಬಾರದವರೂ ಸಮನಾಗಿ ಭಾಗವಹಿಸಬಲ್ಲ ಕ್ರಮವಿದು. ಒಬ್ಬರು ಇಟ್ಟ ಬೀಜವನ್ನು ಇನ್ನೊಬ್ಬರು ತೆಗೆದು, "ಅಯ್ಯೋ, ಕಾಲುಬಾಯಿಗೆ ಅಷ್ಟು ಬೇಡ ಕಣಣ್ಣ, ಅದು ಬಂದು ಹೋಗ್ತದೆ, ಸಾಯೋದು ಕರು ಮಾತ್ರ" ಎಂದು ವಾದಿಸುವುದೇ ಇದರ ಜೀವಾಳ. ಬರೆದುಕೊಳ್ಳುವವರು ರಾಶಿಯ ಜೊತೆಗೆ ಆ ವಾದವನ್ನೂ ಬರೆದುಕೊಳ್ಳಬೇಕು.

ಒಂದು ಗುಂಪಿನ ರಾಶಿ ಒಂದು ಅಭಿಪ್ರಾಯ ಮಾತ್ರ. ಹತ್ತು ಗುಂಪುಗಳಲ್ಲಿ ಬೇರೆಬೇರೆಯಾಗಿ ಇದೇ ಕ್ರಮ ನಡೆಸಿ, ಅವರು ರೋಗಗಳನ್ನು ಇಟ್ಟ ಶ್ರೇಣಿ ಎಷ್ಟರಮಟ್ಟಿಗೆ ಹೊಂದುತ್ತದೆಂದು ನೋಡಬೇಕು. ಇದಕ್ಕೆ ಕೆಂಡಾಲ್ ಎಂಬ ಸಂಖ್ಯಾಶಾಸ್ತ್ರಜ್ಞನ ಹೆಸರಿನ ಸಹಮತ ಗುಣಾಂಕವಿದೆ. ಎಲ್ಲ ಗುಂಪುಗಳ ಶ್ರೇಣಿ ಒಂದೇ ಆದರೆ ಅದರ ಬೆಲೆ ಒಂದು. ಯಾವ ಹೊಂದಿಕೆಯೂ ಇಲ್ಲದಿದ್ದರೆ ಸೊನ್ನೆ. ಸಹಮತ ಹೆಚ್ಚಿದ್ದ ಮಾತ್ರಕ್ಕೆ ಅದು ಸತ್ಯವೆಂದಲ್ಲ. ಎಲ್ಲರೂ ಒಂದೇ ಐತಿಹ್ಯವನ್ನು ಕೇಳಿ ಬೆಳೆದಿರಬಹುದು. ಆದ್ದರಿಂದಲೇ ಇದನ್ನು ಪಶು ಆಸ್ಪತ್ರೆಯ ದಾಖಲೆ ಮತ್ತು ರಕ್ತಪರೀಕ್ಷೆಗಳ ಜೊತೆಗಿಟ್ಟು ತಾಳೆ ನೋಡುವುದು ವಾಡಿಕೆ.

ಯಾರನ್ನು ಕೇಳುವುದು

ಗುಂಪುಗಳನ್ನು ಆರಿಸುವುದು ಹೇಗೆಂಬ ಪ್ರಶ್ನೆ ಮತ್ತೆ ನನ್ನನ್ನು ಪಶುವೈದ್ಯರ ಆ ಎರಡನೆಯ ಪ್ರಶ್ನೆಗೇ ತರುತ್ತದೆ. ನಾನು ಕ್ಷೇತ್ರಕಾರ್ಯಕ್ಕೆ ಹೋಗುತ್ತಿದ್ದ ಮೈಸೂರು ರಸ್ತೆಯಲ್ಲಿ, ಕೆಂಗೇರಿಗೆ ಮುನ್ನ ಎಂಟನೆಯ ಮೈಲಿಯಲ್ಲಿ, ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರವಿದೆ. ಬಸ್ಸಿನ ಕಿಟಕಿಯಿಂದ ಅದರ ಫಲಕವನ್ನು ಎಷ್ಟೋ ಸಲ ನೋಡಿದ್ದೆ. ನನ್ನ ಕೆಲಸಕ್ಕೂ ಅದಕ್ಕೂ ಸಂಬಂಧವಿದೆಯೆಂದು ಹೊಳೆದಿರಲಿಲ್ಲ. ಆ ಸಂಸ್ಥೆಯನ್ನು 1931ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಪ್ರಶಾಂತಚಂದ್ರ ಮಹಲನೋಬಿಸ್ ಬಂಗಾಳದ ಸೆಣಬಿನ ಬೆಳೆಯನ್ನು ಅಂದಾಜು ಮಾಡಲು ಎಲ್ಲ ಹೊಲಗಳನ್ನೂ ಅಳೆಯಬೇಕಿಲ್ಲ, ಯಾದೃಚ್ಛಿಕವಾಗಿ ಆಯ್ದ ತುಂಡುಗಳನ್ನು ಎಚ್ಚರದಿಂದ ಅಳೆದರೆ ಸಾಕೆಂದು ತೋರಿಸಿಕೊಟ್ಟರು. ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಪ್ರತ್ಯೇಕವಾಗಿ ಕಳಿಸಿ ಅವುಗಳ ಲೆಕ್ಕವನ್ನು ಹೋಲಿಸುವ ಪದ್ಧತಿಯನ್ನೂ ಅವರು ಬಳಕೆಗೆ ತಂದರು. ಎರಡು ಲೆಕ್ಕಗಳು ದೂರ ಸರಿದರೆ ತಪ್ಪು ಹೊಲದಲ್ಲಿಲ್ಲ, ಅಳೆಯುವವರಲ್ಲಿದೆ ಎಂದು ತಿಳಿಯುತ್ತದೆ. ಜಾನಪದ ಸಂಗ್ರಹಕ್ಕೂ ಈ ಪದ್ಧತಿ ಬಂದಿದ್ದರೆ ನಮ್ಮ ಎಷ್ಟು ಸಂಪುಟಗಳ ಮುನ್ನುಡಿಗಳು ಬದಲಾಗುತ್ತಿದ್ದವೋ!

ದನಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಒಂದೇ ಕೊಟ್ಟಿಗೆಯ ಹತ್ತು ದನಗಳು ಒಂದೇ ಗಾಳಿ, ಒಂದೇ ನೀರು, ಒಂದೇ ಬೂಸಾ ಹಂಚಿಕೊಳ್ಳುತ್ತವೆ. ಕಾಲುಬಾಯಿ ಜ್ವರ ಬಂದರೆ ಬಹುತೇಕ ಎಲ್ಲಕ್ಕೂ ಬರುತ್ತದೆ. ಆದ್ದರಿಂದ ಮೂವತ್ತು ಕೊಟ್ಟಿಗೆಗಳಿಂದ ಹತ್ತು ಹತ್ತರಂತೆ ತೆಗೆದ ಮುನ್ನೂರು ದನಗಳು ಊರೆಲ್ಲ ಚದುರಿದ ಮುನ್ನೂರು ದನಗಳಿಗೆ ಸಮನಲ್ಲ. ಕೊಟ್ಟಿಗೆಯೊಳಗಿನ ಈ ಸಾಮ್ಯವನ್ನು 0.3 ಎಂದು ಭಾವಿಸಿದರೆ, ಮುನ್ನೂರು ದನಗಳಿಂದ ದೊರೆಯುವ ತಿಳಿವಳಿಕೆ ಎಂಬತ್ತೊಂದು ಬಿಡಿ ದನಗಳಿಂದ ದೊರೆಯುವಷ್ಟೇ ಎಂದು ಲೆಕ್ಕ ಬರುತ್ತದೆ. ಅಂದರೆ ಒಂದೇ ಕೊಟ್ಟಿಗೆಯಲ್ಲಿ ಹೆಚ್ಚು ದನ ನೋಡುವುದಕ್ಕಿಂತ ಹೆಚ್ಚು ಕೊಟ್ಟಿಗೆಗಳಿಗೆ ಹೋಗಿ ಒಂದೆರಡೇ ದನ ನೋಡುವುದು ಮೇಲು.

ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವಾಗ ಊರಿನ ದನವೆಲ್ಲ ಒಂದೆಡೆ ಸೇರುತ್ತವೆ. ಎಣಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇರೊಂದಿಲ್ಲ ಎಂದು ಒಮ್ಮೆ ಭಾವಿಸಿದ್ದೆ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಕರೆತಂದವು ಹೋರಿಗಳು, ಎತ್ತುಗಳು, ಗಟ್ಟಿಮುಟ್ಟಾದ ಹಸುಗಳು. ಕುಂಟುವ ಹಸು, ತುಂಬು ಗಬ್ಬದ್ದು, ಮುದಿ ಎಮ್ಮೆ ಇವು ಹಟ್ಟಿಯಲ್ಲಿಯೇ ಉಳಿದಿದ್ದವು. ಕಿಚ್ಚಿನ ಮುಂದೆ ನಿಂತು ಎಣಿಸಿದವರಿಗೆ ಊರಿನ ದನಗಳೆಲ್ಲ ಆರೋಗ್ಯವಾಗಿವೆಯೆಂದೇ ತೋರುತ್ತದೆ. ಪಶು ಆಸ್ಪತ್ರೆಯ ದಾಖಲೆಯ ದೋಷ ಇದಕ್ಕೆ ತದ್ವಿರುದ್ಧ. ಅಲ್ಲಿ ಬರುವವೆಲ್ಲ ರೋಗಿಗಳೇ. ಅದರಲ್ಲೂ ಆಸ್ಪತ್ರೆಗೆ ಹತ್ತಿರವಿರುವವರ, ಬೆಲೆಬಾಳುವ ಹಸುಗಳು.

ನಾಯಿಗಳ ಎಣಿಕೆ

ನಗರದಲ್ಲಿ ನಡೆದ ದೊಡ್ಡ ಪ್ರಮಾಣದ ಮಾದರಿ ಎಣಿಕೆಯೆಂದರೆ ಬೀದಿನಾಯಿಗಳದು. ಹುಚ್ಚುನಾಯಿ ರೋಗದ ತಡೆಗೆ ಇದು ಅತ್ಯಗತ್ಯ. 2019ರ ಎಣಿಕೆಯಲ್ಲಿ ಬೆಂಗಳೂರಿನ ಬೀದಿನಾಯಿಗಳು ಸುಮಾರು 3.10 ಲಕ್ಷ ಎಂದು ಅಂದಾಜಾಗಿತ್ತು. 2023ರ ಜುಲೈನಲ್ಲಿ ಅಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮತ್ತೆ ಎಣಿಕೆ ನಡೆಸಿತು. ನಗರವನ್ನು 6,850 ಕಿರುವಲಯಗಳಾಗಿ ವಿಂಗಡಿಸಿ, ಅವುಗಳಿಂದ ಐದಕ್ಕೊಂದರಂತೆ 1,360ನ್ನು ಯಾದೃಚ್ಛಿಕವಾಗಿ ಆಯ್ದು, ಇಬ್ಬಿಬ್ಬರ ತಂಡಗಳು ದ್ವಿಚಕ್ರ ವಾಹನದಲ್ಲಿ ಸುತ್ತಿ ಎಣಿಸಿದವು. ಫಲಿತಾಂಶ 2,79,335. ಎಂಟು ವಲಯಗಳ ಪೈಕಿ ರಾಜಾಜಿನಗರವನ್ನು ಒಳಗೊಂಡ ಪಶ್ಚಿಮ ವಲಯದಲ್ಲಿ 22,025. ಕೆಂಗೇರಿ ಸೇರಿದ್ದ ರಾಜರಾಜೇಶ್ವರಿನಗರ ವಲಯದಲ್ಲಿ 41,266. ಆ ಪಾಲಿಕೆಯೇ 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆಗಳಾಗಿ ಒಡೆದು ವಲಯಗಳ ಗಡಿಗಳು ಬದಲಾಗಿರುವುದರಿಂದ ಮುಂದಿನ ಎಣಿಕೆಯನ್ನು ಇದರೊಂದಿಗೆ ನೇರವಾಗಿ ಹೋಲಿಸಲಾಗದು.

ಈ ಅಂಕಿಗಳನ್ನು ಓದುವಾಗ ಮೂರು ಸಂಗತಿಗಳು ನೆನಪಿರಬೇಕು. ಕೊನೆಯ ಬಿಡಿ ಅಂಕಿಯವರೆಗೆ ಬರೆದಿದ್ದರೂ ಇದು ಅಂದಾಜು. ಮೇಲೆ ಕೆಳಗೆ ಸರಿಯುವ ಅಂತರ ಇದ್ದೇ ಇದೆ. ಕೆಂಗೇರಿಯ ಕಡೆ ನಾಯಿಗಳು ರಾಜಾಜಿನಗರಕ್ಕಿಂತ ದಟ್ಟವಾಗಿವೆ ಎಂದು ಇದರಿಂದ ಹೇಳುವಂತಿಲ್ಲ, ವಲಯದ ವಿಸ್ತಾರವೇ ಬೇರೆ. ಮೂರನೆಯದು ಹೆಚ್ಚು ಮುಖ್ಯ. ಕಿವಿಯ ಅಂಚಿನ ಕತ್ತರಿಸಿದ ಗುರುತಿನಿಂದ ಸಂತಾನಹರಣ ಚಿಕಿತ್ಸೆಯಾದ ನಾಯಿಗಳನ್ನು ಗುರುತಿಸಿದಾಗ ಅವುಗಳ ಪ್ರಮಾಣ 2019ರಲ್ಲಿ ಶೇಕಡ 51.16 ಇದ್ದುದು 2023ರಲ್ಲಿ ಶೇಕಡ 71.85 ಆಗಿತ್ತು. ಹುಚ್ಚುನಾಯಿ ರೋಗದ ಸರಪಳಿ ತುಂಡಾಗಲು ಶೇಕಡ 70ರಷ್ಟು ನಾಯಿಗಳಿಗೆ ಲಸಿಕೆಯಾಗಬೇಕೆಂಬುದು ಒಪ್ಪಿತವಾದ ಗುರಿ. ಎರಡೂ ಅಂಕಿಗಳು ಅಕ್ಕಪಕ್ಕ ಇರುವುದರಿಂದ ಗುರಿ ಮುಟ್ಟಿತೆಂದು ಹಿಗ್ಗುವವರಿದ್ದಾರೆ. ಶಸ್ತ್ರಚಿಕಿತ್ಸೆಯ ದಿನ ಹಾಕಿದ ಲಸಿಕೆಯ ಬಲ ಕಾಲಾಂತರದಲ್ಲಿ ಇಳಿಯುತ್ತದೆ, ಕಿವಿಯ ಗುರುತು ಮಾತ್ರ ಬದುಕಿರುವತನಕ ಉಳಿಯುತ್ತದೆ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಬಳಸುವುದು ಮಕ್ಕಳ ಜೀವದ ಜೊತೆ ಆಡುವ ಆಟ.

ಗುರುತಿಟ್ಟು ಎಣಿಸುವ ಇನ್ನೊಂದು ಜಾಣ ಉಪಾಯವನ್ನೂ ಹೇಳಬೇಕು. ಒಂದು ಬಡಾವಣೆಯಲ್ಲಿ ಮೊದಲ ದಿನ ನಲವತ್ತು ನಾಯಿಗಳಿಗೆ ಬಣ್ಣದ ಗುರುತಿಟ್ಟು ಬಿಟ್ಟೆವೆನ್ನೋಣ. ಮರುದಿನ ಕಂಡ ಐವತ್ತರಲ್ಲಿ ಇಪ್ಪತ್ತಕ್ಕೆ ಗುರುತಿದ್ದರೆ, ಗುರುತಿಟ್ಟವುಗಳಲ್ಲಿ ಅರ್ಧದಷ್ಟು ನಮ್ಮ ಕಣ್ಣಿಗೆ ಬಿದ್ದಿವೆ. ಹಾಗಾದರೆ ಒಟ್ಟು ನಾಯಿಗಳು ಸುಮಾರು ನೂರು. ಕಾಣದವುಗಳನ್ನೂ ಎಣಿಸುವ ವಿಧಾನವಿದು. ದನ ಕುರಿಗಳ ಕಿವಿ ಸೀಳಿ ಗುರುತು ಮಾಡುವುದು, ದೇವರಿಗೆ ಬಿಟ್ಟ ಬಸವನಿಗೆ ಮುದ್ರೆ ಹಾಕುವುದು ನಮ್ಮಲ್ಲಿ ಹಳೆಯ ಪದ್ಧತಿ. 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ದನಗಳ ಕಿವಿಗೆ ಹನ್ನೆರಡು ಅಂಕಿಗಳ ಬಿಲ್ಲೆ ಹಾಕತೊಡಗಿದರು. ರೈತರು ಅದನ್ನು ಕಿವಿಯೋಲೆ ಎಂದು ಕರೆದು ತಮ್ಮದಾಗಿಸಿಕೊಂಡಿದ್ದಾರೆ.

ಪರೀಕ್ಷೆಯೂ ತಪ್ಪಬಹುದೆಂಬುದನ್ನು ಇಲ್ಲಿಯೇ ಸೂಚಿಸಬೇಕು. ಕಂದು ಹಾಕುವ ರೋಗವನ್ನೇ ತೆಗೆದುಕೊಳ್ಳಿ. ಸಾವಿರ ಹಸುಗಳಲ್ಲಿ ಹತ್ತಕ್ಕೆ ರೋಗವಿದೆ, ಪರೀಕ್ಷೆಯು ರೋಗವಿದ್ದವುಗಳಲ್ಲಿ ನೂರಕ್ಕೆ 95ನ್ನು ಹಿಡಿಯುತ್ತದೆ, ಇಲ್ಲದವುಗಳಲ್ಲಿ ನೂರಕ್ಕೆ ಎರಡನ್ನು ತಪ್ಪಾಗಿ ರೋಗಿಯೆನ್ನುತ್ತದೆ ಎಂದು ಭಾವಿಸೋಣ. ಹತ್ತರಲ್ಲಿ ಒಂಬತ್ತೋ ಹತ್ತೋ ಸಿಕ್ಕಿಬೀಳುತ್ತವೆ. ಆರೋಗ್ಯವಾಗಿರುವ 990ರಲ್ಲಿ ಸುಮಾರು ಇಪ್ಪತ್ತೂ ಸಿಕ್ಕಿಬೀಳುತ್ತವೆ. ರೋಗಿಯೆಂದು ಬೆರಳು ತೋರಿಸಿದ ಮೂರು ಹಸುಗಳಲ್ಲಿ ಎರಡು ನಿರಪರಾಧಿಗಳು. ಅದೊಂದೇ ಹಸುವಿನ ಹಾಲಿನಿಂದ ಸಂಸಾರ ಸಾಗುವ ಮನೆಗೆ ಇದು ಅಂಕಿಯ ಮಾತಾಗಿ ಉಳಿಯುವುದಿಲ್ಲ. ಎರಡನೆಯ, ಬೇರೆ ಬಗೆಯ ಪರೀಕ್ಷೆಯಿಲ್ಲದೆ ತೀರ್ಮಾನಕ್ಕೆ ಬರಬಾರದೆಂಬ ನಿಯಮ ಈ ಲೆಕ್ಕದಿಂದಲೇ ಹುಟ್ಟಿದ್ದು.

ಮುನ್ಸೂಚನೆಗಳು

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ರೂಪುಗೊಂಡವು. ಪ್ಲೇಗಮ್ಮನ ಗುಡಿಗಳೂ ಎದ್ದವು. ಇಲಿ ಬಿದ್ದರೆ ಊರು ಬಿಡಬೇಕೆಂಬ ಅರಿವು ಹಳೆಯ ತಲೆಮಾರಿನವರಲ್ಲಿತ್ತು. ಇಲಿಗಳ ಸಾವಿನ ನಂತರ ಸುಮಾರು ಎರಡು ವಾರಕ್ಕೆ ಮನುಷ್ಯರ ಸಾವು ಆರಂಭವಾಗುವುದನ್ನು ಮುಂದೆ ಪ್ಲೇಗ್ ಸಂಶೋಧಕರು ಮುಂಬಯಿಯಲ್ಲಿ ಎಣಿಸಿ ತೋರಿಸಿದರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗಲೂ ಹಳ್ಳಿಗರು ಅದನ್ನು ತಮ್ಮ ಜ್ವರದೊಂದಿಗೆ ಜೋಡಿಸಿದರು. ಮಂಗನ ಕಾಯಿಲೆ ಎಂಬ ಹೆಸರೇ ಅದಕ್ಕೆ ಸಾಕ್ಷಿ. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಮುಂದೆ ಸತ್ತ ಮಂಗಗಳನ್ನೂ ಕಾಡಿನ ಉಣ್ಣೆಗಳನ್ನೂ ವರ್ಷಾನುಗಟ್ಟಲೆ ಎಣಿಸಿದರು. ಕಾಡಿನಲ್ಲಿ ಸತ್ತ ಮಂಗಗಳೆಲ್ಲ ಕಣ್ಣಿಗೆ ಬೀಳುವುದಿಲ್ಲ. ಜನ ಹೆಚ್ಚು ಓಡಾಡುವ ದಾರಿಯಲ್ಲಿ ಹೆಚ್ಚು ಸಿಗುತ್ತವೆ. ರೋಗ ಅಲ್ಲಿ ಹೆಚ್ಚಿದೆಯೋ ಕಣ್ಣುಗಳು ಹೆಚ್ಚಿವೆಯೋ ಎಂದು ಬಿಡಿಸುವುದು ಇಂದಿಗೂ ಸವಾಲು.

ಈಗ ಬೆಂಗಳೂರಿನ ಯಲಹಂಕದಲ್ಲಿರುವ ರಾಷ್ಟ್ರೀಯ ಪಶು ಸಾಂಕ್ರಾಮಿಕ ರೋಗಶಾಸ್ತ್ರ ಮತ್ತು ರೋಗ ಮಾಹಿತಿ ಸಂಸ್ಥೆ ದೇಶದ ಜಿಲ್ಲೆಗಳಿಗೆ ಎರಡು ತಿಂಗಳು ಮುಂಚಿತವಾಗಿ ರೋಗಗಳ ಮುನ್ಸೂಚನೆ ನೀಡುತ್ತದೆ. 1987ರಲ್ಲಿ ಸಂಶೋಧನ ಯೋಜನೆಯಾಗಿ ಆರಂಭವಾಗಿ 2013ರಲ್ಲಿ ಅದು ಈ ಹೆಸರು ಪಡೆಯಿತು. ಹಿಂದಿನ ವರ್ಷಗಳ ರೋಗದ ವರದಿ, ಮಳೆ, ತಾಪಮಾನ, ಜಾನುವಾರುಗಳ ಸಂಖ್ಯೆ ಇವು ಅದರ ಸಾಮಗ್ರಿ. ವರದಿಯೇ ಆಗದ ರೋಗ ಆ ಲೆಕ್ಕಕ್ಕೆ ಸಿಗುವುದಿಲ್ಲ. ವರದಿ ಸೊನ್ನೆಯೆಂದರೆ ರೋಗ ಸೊನ್ನೆಯೆಂದು ಯಂತ್ರ ತಿಳಿಯುತ್ತದೆ.

ವರದಿಯಾಗುವುದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. 2022ರಲ್ಲಿ ಚರ್ಮಗಂಟು ರೋಗದಿಂದ ದನಗಳು ಸತ್ತಾಗ ರಾಜ್ಯ ಸರ್ಕಾರ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಘೋಷಿಸಿತು. ದಾಖಲೆಯಲ್ಲಿ ಇಲ್ಲದ ಸಾವಿಗೆ ಪರಿಹಾರವಿಲ್ಲ.

ಎರಡನೆಯ ಸುತ್ತಿನ ಕ್ಷೇತ್ರಕಾರ್ಯಕ್ಕೆ ಹೋದಾಗ ನಾನು ಯಜಮಾನರ ಪರಿಚಯವನ್ನು ಬಿಟ್ಟು, ದನ ಇರುವ ಮನೆಗಳನ್ನೆಲ್ಲ ಪಟ್ಟಿ ಮಾಡಿ, ಮಕ್ಕಳ ಕೈಯಲ್ಲಿ ಚೀಟಿ ಎತ್ತಿಸಿದೆ. ಪಟ್ಟಿ ಮಾಡಲು ಹದಿನೈದು ದಿನ ಹಿಡಿಯಿತು. ಮೊದಲ ಸುತ್ತಿನ ಇಡೀ ಸಂಗ್ರಹಕ್ಕೆ ಅಷ್ಟು ಹಿಡಿದಿರಲಿಲ್ಲ. ಚೀಟಿಯಲ್ಲಿ ಬಂದ ಒಂದು ಮನೆ ಕೆರೆಯ ಕೋಡಿಯ ಹಿಂದಿನ ತಗ್ಗಿನಲ್ಲಿತ್ತು. ಎರಡು ಎಮ್ಮೆ ಸಾಕಿದ್ದ ಒಂಟಿ ಹೆಂಗಸು. ನಾನು ಹೋದ ದಿನ ಇದ್ದುದು ಒಂದೇ. "ಮುಂಗಾರು ಹುಯ್ದ ಮೂರ್ನೇ ದಿನ ಗಳಲೆ ಬಂತು ಸಾಮಿ, ರಾತ್ರಿ ಗೊರಗೊರ ಅಂತಿತ್ತು, ಬೆಳಗಾಗೋದ್ರಲ್ಲಿ ಹೋಯ್ತು" ಎಂದರು. ಆಸ್ಪತ್ರೆಗೆ ತಿಳಿಸಿದಿರಾ ಎಂದು ಕೇಳಿದೆ. ಸತ್ತ ಮೇಲೆ ತಿಳಿಸಿ ಏನು ಎಂದು ಅವರು ನನ್ನನ್ನೇ ಕೇಳಿದರು. ಹೊಳೆಯಂಚಿನ ಇನ್ನೂ ಎರಡು ಮನೆಗಳಲ್ಲಿ ಅದೇ ವಾರ ಎಮ್ಮೆ ಸತ್ತದ್ದು ಅವರ ಮಾತಿನಿಂದಲೇ ತಿಳಿಯಿತು. ನನ್ನ ಮೊದಲ ಪಟ್ಟಿಯಲ್ಲಿ ಆ ಊರಿನ ಗಳಲೆಯ ಮುಂದೆ "ಈಚೆಗೆ ಇಲ್ಲ" ಎಂದು ಬರೆದಿತ್ತು. ರಸ್ತೆಬದಿಯ ಮನೆಯ, ಎತ್ತುಗಳನ್ನು ಮಾರಿ ಹತ್ತು ವರ್ಷವಾಗಿದ್ದ ಹಿರಿಯರೊಬ್ಬರು ಹೇಳಿದ್ದು ಅದು.